ಹುರಿಯೋ, ಹೊಸೆಯುವುದೋ? ಕಾಲುಚೀಲದ ನೂಲಿಗೊಂದು ಪದ ಬೇಕು

ಗೆಳೆಯರೇ,

ಭಾನುವಾರ ನಮ್ಮ ಮಲ್ಲೇಶ್ವರದ ಮನೆಗೆ ಐದಾರು ಜನ ನೂಲೋದು ಕಲಿಯಲು ಬರುತ್ತಾರೆ. ಅವರಿಗಾಗಿ ನಾಲ್ಕು ಪುಟ ಬರೆಯಲು ಕೂತಿದ್ದೇನೆ. ಮೊದಲ ಪುಟ ಸಲೀಸಾಗಿ ಮುಗಿಯಿತು. ಉಣ್ಣೆ, ಹಂಜಿ, ತಕಲಿ, ಕದಿರು, ಎಳೆ, ಎಲ್ಲಕ್ಕೂ ಪದ ಇದೆ. ಎರಡನೇ ಪುಟದಲ್ಲಿ ಸಿಕ್ಕಿಹಾಕಿಕೊಂಡೆ.

ವಿಷಯ ಇಷ್ಟು. ಹೋದ ವರ್ಷ ಒಂಟಿ ಎಳೆಯಲ್ಲೇ ಕಾಲುಚೀಲ ಹೆಣೆದಿದ್ದೆ. ಮೆತ್ತಗೆ, ನೋಡೋಕೂ ಚೆಂದ. ಬಾಳಿದ್ದು ಆರೇ ವಾರ. ಹಿಮ್ಮಡಿಯ ಹತ್ತಿರ ಮೊದಲು ಜುಂಗು ಎದ್ದಿತು, ಆಮೇಲೆ ನಾಲ್ಕಾಣೆಯಷ್ಟು ಅಗಲದ ತೂತು. ಸಡಿಲವಾಗಿ ನೂತರೆ ಉಣ್ಣೆಯ ಕೂದಲು ಒಂದಕ್ಕೊಂದು ಕಚ್ಚಿಕೊಳ್ಳದೆ ಜಾರುತ್ತದೆ, ಅದಕ್ಕೇ ಹಾಗಾಯಿತು. ಈಗ ಮೂರು ಎಳೆಗಳನ್ನು ಬಲಕ್ಕೆ ತಿರುಗಿಸಿ ಬಿಗಿಯಾಗಿ ನೂಲುತ್ತೇನೆ. ಆಮೇಲೆ ಮೂರನ್ನೂ ಸೇರಿಸಿ ಎಡಕ್ಕೆ ತಿರುಗಿಸುತ್ತೇನೆ. ಹೀಗೆ ಸೇರಿಸುವಾಗ ಒಂದೊಂದು ಎಳೆಯ ಬಿಗಿಯೂ ಸ್ವಲ್ಪ ಬಿಚ್ಚಿಕೊಳ್ಳುತ್ತದೆ. ಹಾಗಾಗಿ ಮೊದಲೇ ಜಾಸ್ತಿ ಬಿಗಿ ಕೊಟ್ಟಿರಬೇಕು. ಮೂರೆಳೆಯ ನೂಲು ದುಂಡಗೆ ಬರುತ್ತದೆ, ಉಜ್ಜಾಟ ತಡೆಯುತ್ತದೆ.

ಇಲ್ಲಿ ಎರಡು ಕೆಲಸ ಇವೆ, ಅಲ್ವಾ? ಒಂದು, ಎಳೆಗೆ ಬಿಗಿ ಕೊಡುವುದು. ಇನ್ನೊಂದು, ಎಳೆಗಳನ್ನು ಕೂಡಿಸಿ ತಿರುಗಿಸುವುದು. ಎರಡಕ್ಕೂ ‘ತಿರುಚು’ ಅಂತ ಬರೆದರೆ ಓದುವವರು ಖಂಡಿತ ಗೊಂದಲಕ್ಕೆ ಬೀಳುತ್ತಾರೆ.

ಬಿಗಿ ಕೊಡುವುದಕ್ಕೆ ‘ಹುರಿ’ ನನಗೆ ತುಂಬಾ ಹಿಡಿಸಿದ ಪದ. ರೇಷ್ಮೆ ಕಸುಬಿನಲ್ಲಿ ‘ಹುರಿ ಮಾಡುವುದು’ ಇವತ್ತಿಗೂ ಇದೆ. ಮೀಸೆಯನ್ನೂ ಹುರಿ ಮಾಡುತ್ತೇವೆ, ದುಡಿದ ಮೈಯನ್ನು ‘ಹುರಿಗಟ್ಟಿದ ಮೈ’ ಅನ್ನುತ್ತೇವೆ. ಆದರೆ ಅದೇ ಪದ ತಿರುಚಿದ ದಾರಕ್ಕೂ ಹೆಸರು. ‘ಹುರಿಗೆ ಹುರಿ ಜಾಸ್ತಿ ಕೊಡಿ’ ಅಂತ ಬರೆದೆ, ಓದಿದ ನನ್ನ ಮಗಳು ‘ಒಗ್ಗರಣೆಗಾ ಅಮ್ಮಾ?’ ಅಂದಳು.

ಅವಳ ಪ್ರಶ್ನೆಯಲ್ಲೂ ಒಂದು ಸ್ವಾರಸ್ಯ ಇದೆ. ತಮಿಳಿನಲ್ಲಿ ಈ ಎರಡು ಪದ ಬೇರೆ ಬೇರೆಯಾಗೇ ಉಳಿದಿವೆ: ತಿರುಚಿದ ಎಳೆ ‘ಪುರಿ’, ಹುರಿದದ್ದು ‘ಪೊರಿ’. ನಮ್ಮಲ್ಲಿ ‘ಪೊರಿ’ಯೂ ‘ಪುರಿ’ಯಾಗಿ, ಆಮೇಲೆ ಪಕಾರ ಹಕಾರವಾಗಿ, ಎರಡೂ ‘ಹುರಿ’ಯಲ್ಲಿ ಬಂದು ನಿಂತಿವೆ. ಹಳೇ ಪಕಾರ ಉಳಿದಿರುವುದು ಬಸವನಗುಡಿ ಪರಿಷೆಯಲ್ಲಿ ಕೊಳ್ಳುವ ಕಡ್ಲೆಪುರಿಯಲ್ಲಿ!

ಹಾಗಾದರೆ ಎಳೆ ಕೂಡಿಸುವುದಕ್ಕೆ ‘ಹೊಸೆ’ ಅನ್ನೋಣವೇ? ಹಗ್ಗ ಹೊಸೆಯುವಾಗ ಎಳೆಗಳನ್ನು ಕೂಡಿಸುತ್ತೇವೆ, ಅಲ್ಲಿಗೆ ಸರಿ. ಆದರೆ ಅಜ್ಜಿ ಬತ್ತಿ ಹೊಸೆಯುತ್ತಿದ್ದುದು ಬಿಡಿ ಹತ್ತಿಯನ್ನು. ಬೆರಳಿಗೆ ಚೂರು ವಿಭೂತಿ ಸವರಿಕೊಂಡು, ಅಂಗೈಯಲ್ಲಿ ಒಂದೇ ಎಳೆತ. ಅದು ಹೆಚ್ಚುಕಮ್ಮಿ ನೂಲುವುದೇ ಆಯಿತಲ್ಲ.

ಸದ್ಯಕ್ಕೆ ಹೀಗೆ ಬರೆದಿದ್ದೇನೆ: ‘ಎಳೆಯನ್ನು ಬಲಹುರಿಯಲ್ಲಿ ನೂಲಿ. ಮೂರೆಳೆ ಕೂಡಿಸಿ ಎಡಹುರಿಯಲ್ಲಿ ಹೊಸೆಯಿರಿ.’ ಬಲಹುರಿ, ಎಡಹುರಿ ನಾನೇ ಕಟ್ಟಿಕೊಂಡ ಪದಗಳು. ಕಿವಿಗೆ ಒಪ್ಪುತ್ತವೆ ಅನಿಸುತ್ತದೆ, ಆದರೆ ಕಸುಬಿನವರ ಬಾಯಲ್ಲಿ ಬೇರೆ ಪದ ಇದ್ದರೆ ನನ್ನದನ್ನು ಸಂತೋಷವಾಗಿ ಕೈಬಿಡುತ್ತೇನೆ.

ಚಳ್ಳಕೆರೆ ಕಡೆ ಕಂಬಳಿಗೆ ಉಣ್ಣೆ ನೂಲುವ ಮನೆಯವರು, ಜನಿವಾರಕ್ಕೆ ತಕಲಿಯಲ್ಲಿ ನೂಲುವವರು, ಕಬ್ಬನ್‌ಪೇಟೆಯ ಮಗ್ಗದ ಮನೆಯವರು ಯಾರಾದರೂ ಇದ್ದೀರಾ? ನಿಮ್ಮ ಮನೆಯಲ್ಲಿ ಎಳೆ ಕೂಡಿಸುವುದಕ್ಕೆ ಏನಂತಾರೆ? ಇನ್ನೊಂದು, ‘ಹುರಿದುಂಬಿಸು’ವಿನಲ್ಲಿರುವ ಹುರಿ ಇದೇನಾ?