ದೊಡ್ಡಪ್ಪನ 70ಕ್ಕೆ ಭಾನುವಾರ ಮಧ್ಯಾಹ್ನ ಹೋಗೋಣ

ಪುಟ್ಟಿ, ನಿನ್ನ ಮೆಸೇಜ್ ಬೆಳಿಗ್ಗೆಯೇ ನೋಡಿದೆ. ದೊಡ್ಡಪ್ಪನಿಗೆ 70 ತುಂಬುತ್ತಿದೆ, ಮುಂದಿನ ಶನಿವಾರ ರಾತ್ರಿ ಇಂದಿರಾನಗರದ ಕಡೆ ಯಾವುದಾದರೂ ಪಬ್ ಅಂಡ್ ಗ್ರಿಲ್‌ನಲ್ಲಿ 14 ಜನಕ್ಕೆ ಟೇಬಲ್ ಹಿಡಿಯೋಣವಾ ಅಂತ ಕೇಳಿದ್ದೀಯ. ಅದರ ಕೆಳಗೆ ಚಿಕ್ಕಮ್ಮ, ವಯಸ್ಸಾದವರನ್ನು, ಮಕ್ಕಳನ್ನು ಕರೆದುಕೊಂಡು ಪಬ್ಬಿಗಾ ಅಂತ ಕೇಳಿದ್ದಾರೆ. ಟೈಪ್ ಮಾಡುತ್ತಾ ಕೂತರೆ ಮುಗಿಯುವುದಿಲ್ಲ, ಅದಕ್ಕೇ ಮಾತಾಡಿ ಕಳಿಸುತ್ತಿದ್ದೇನೆ. ಸ್ವಲ್ಪ ಉದ್ದ ಆಗುತ್ತದೆ. ಚಿಕ್ಕಮ್ಮ, ನೀವೂ ಪೂರ್ತಿ ಕೇಳಿ.

ಹೋಗೋಣ. ಅದರಲ್ಲಿ ನನಗೆ ಎರಡು ಮಾತಿಲ್ಲ. ಆದರೆ ಶನಿವಾರ ರಾತ್ರಿ ಬೇಡ. ಭಾನುವಾರ ಮಧ್ಯಾಹ್ನ ಹೋಗೋಣ. ಯಾವ ಜಾಗ ಅನ್ನುವುದಕ್ಕಿಂತ ಯಾವ ಹೊತ್ತು ಅನ್ನುವುದೇ ಇಲ್ಲಿ ಮುಖ್ಯ.

ಮೊದಲು ಶನಿವಾರದ ವಿಷಯ ಹೇಳಿಬಿಡುತ್ತೇನೆ. ದೊಡ್ಡಮ್ಮ ಶನಿವಾರ ಮಾಂಸ ಮುಟ್ಟುವುದಿಲ್ಲ. ನಮ್ಮಮ್ಮನೂ ಅಷ್ಟೇ. ನಿಮ್ಮ ಭಾವನಿಗೆ ಸೋಮವಾರ, ಶನಿವಾರ ಎರಡೂ ದಿನ ಆಗುವುದಿಲ್ಲ. ಟೇಬಲ್ ಮೇಲೇ ಕೆಂಡದಲ್ಲಿ ಸುಟ್ಟು ಕೊಡುವ ಈ ಗ್ರಿಲ್ ಜಾಗಗಳಲ್ಲಿ ತಲೆಗೆ ಇಷ್ಟು ಅಂತ ದುಡ್ಡು ತಗೊಳ್ಳುತ್ತಾರೆ. ಅರ್ಧ ಮನೆಯವರು ಜೋಳದ ಕಾಳು, ಆಲೂಗಡ್ಡೆ ತಿಂದು ಎದ್ದು ಬಂದರೆ ಏನು ಚೆಂದ? ನಮ್ಮ ಮನೆಗಳಲ್ಲಿ ಬಾಡೂಟ ಅಂದರೆ ಭಾನುವಾರ ಮಧ್ಯಾಹ್ನ. ಹೊಟ್ಟೆಗೂ ಅದೇ ಅಭ್ಯಾಸ. ಅದನ್ನು ಯಾಕೆ ಬದಲಾಯಿಸಬೇಕು?

ಇನ್ನು ರಾತ್ರಿ ಯಾಕೆ ಬೇಡ ಅಂದರೆ, ನಾನು ಅನುಭವಿಸಿ ಹೇಳುತ್ತಿದ್ದೇನೆ. ಹೋದ ವರ್ಷ ಅಪ್ಪ ಅಮ್ಮನ ಮದುವೆಯಾಗಿ 40 ವರ್ಷ ಆದಾಗ ಹೀಗೇ ಶನಿವಾರ ರಾತ್ರಿ ಎಂಟೂವರೆಗೆ ಟೇಬಲ್ ಹಿಡಿದಿದ್ದೆ. ಜಾಗದ ಹೆಸರು ಬೇಡ. ಮಹಡಿ ಮೇಲಿನ ಜಾಗ. ಲಿಫ್ಟ್ ಒಂದು ಮಹಡಿ ಕೆಳಗೇ ನಿಂತುಹೋಯಿತು, ಅಲ್ಲಿಂದ ಕಬ್ಬಿಣದ ಮೆಟ್ಟಿಲು. ಅಪ್ಪನ ಮಂಡಿ ನಿಮಗೆಲ್ಲ ಗೊತ್ತು. ಒಂದೊಂದು ಮೆಟ್ಟಿಲಿಗೂ ಕಂಬಿ ಹಿಡಿದು ನಿಂತು ನಿಂತು ಹತ್ತಿದರು. ಮೇಲೆ ಹೋದರೆ, ಎಂಟು ಗಂಟೆ ಮೇಲೆ ಮಕ್ಕಳನ್ನು ಬಿಡುವುದಿಲ್ಲ ಅಂತ ನನ್ನ ಮಗನನ್ನು ಬಾಗಿಲಲ್ಲೇ ನಿಲ್ಲಿಸಿದರು. ಫೋನ್ ಮಾಡಿದಾಗ ಮಕ್ಕಳಿದ್ದಾರೆ ಅಂತ ಹೇಳಿದ್ದೆ, ಆಯಿತು ಅಂದಿದ್ದರು. ಮ್ಯಾನೇಜರ್ ಬರುವ ತನಕ 20 ನಿಮಿಷ ನಿಂತಿದ್ದೆವು. ಕೊನೆಗೆ ಒಳಗೆ ಬಿಟ್ಟು ಕೂರಿಸಿದ್ದು ಸ್ಪೀಕರ್ ಕೆಳಗೆ. ಅಮ್ಮ ಅಪ್ಪನ ಕಿವಿ ಹತ್ತಿರ ಬಾಯಿ ಇಟ್ಟು ಮಾತಾಡುತ್ತಿದ್ದರು.

ಅದೆಲ್ಲ ಬಿಡಿ. ನನಗೆ ಇವತ್ತಿಗೂ ಕಾಡುವುದು ಸೋದರತ್ತೆಯ ವಿಷಯ. ಅತ್ತೆ ಮಾಂಸ ಬಿಟ್ಟು 20 ವರ್ಷದ ಮೇಲಾಯಿತು. ಅವರ ಪನೀರು, ನಮ್ಮ ಮೀನು ಎರಡನ್ನೂ ಒಂದೇ ಕೆಂಡದ ಮೇಲೆ ಅಕ್ಕಪಕ್ಕ ಇಟ್ಟರು. ಎಣ್ಣೆ ಸವರುವ ಬ್ರಷ್ಷೂ ಒಂದೇ. ಅತ್ತೆ ಒಂದು ಮಾತೂ ಆಡಲಿಲ್ಲ. ನಿಂಬೆಹಣ್ಣಿನ ಸೋಡಾ ಕುಡಿದು, ನಗುನಗುತ್ತಾ ಕೂತಿದ್ದರು. ಹಸಿವಿಲ್ಲ ಕಣೆ ಅಂದರು. ಮನೆಗೆ ಬಂದು ನೋಡಿದರೆ ರಾತ್ರಿ 11 ಗಂಟೆಗೆ ಅಡುಗೆಮನೆಯಲ್ಲಿ ಒಬ್ಬರೇ ನಿಂತು ಮೊಸರವಲಕ್ಕಿ ಕಲಸಿಕೊಳ್ಳುತ್ತಿದ್ದರು. ಕರುಳು ಚುರುಕ್ ಅಂದಿತು ನನಗೆ.

ಅದಕ್ಕೇ ಈ ವರ್ಷ ಹೊಸತೊಡಕು ಕಳೆದ ಮೇಲಿನ ಭಾನುವಾರ ಮತ್ತೆ ಹೋದೆವು. ಈ ಸಲ ಕೋರಮಂಗಲದಲ್ಲಿ, ಬೇರೆ ಜಾಗ, ಮಧ್ಯಾಹ್ನ ಹನ್ನೆರಡೂವರೆಗೆ. ಆಗಷ್ಟೇ ಬಾಗಿಲು ತೆಗೆದು ಟೇಬಲ್ ಒರೆಸುತ್ತಿದ್ದರು. ಹಾಡು ಇತ್ತು, ಆದರೆ ನಮ್ಮ ಮಾತಿನ ಕೆಳಗೆ ಇತ್ತು. ಬಿಸಿಲು ಒಳಗೆ ಬರುತ್ತಿತ್ತು. ಅಕ್ಕಪಕ್ಕದ ಟೇಬಲ್‌ಗಳಲ್ಲೆಲ್ಲ ನಮ್ಮ ಹಾಗೆ ಮನೆಮಂದಿ.

ಟೇಬಲ್ ನಡುವೆ ಉದ್ದಕ್ಕೆ ಒಂದು ಗುಳಿ ಇರುತ್ತದೆ. ಹುಡುಗ ಕೆಂಡ ತುಂಬಿದ ಒಲೆಯನ್ನು ಎರಡೂ ಕೈಯಲ್ಲಿ ಹಿಡಿದು ತಂದು ಅದರೊಳಗೆ ಇಳಿಸಿದ. ಮೇಲೆ ಕಂಬಿಗಳನ್ನು ಸಾಲಾಗಿ ಇಟ್ಟ. ಸೀಗಡಿ, ಕೋಳಿ, ಅಣಬೆ, ಅನಾನಸ್. ಕೆಂಡದ ಕಾವು ಮೊಣಕೈಗೆ ತಾಗುತ್ತಿತ್ತು. ಅಪ್ಪ ಐದು ನಿಮಿಷ ಸುಮ್ನೆ ನೋಡುತ್ತಾ ಕೂತಿದ್ದರು. ಆಮೇಲೆ ಅಂಗಿಯ ತೋಳು ಮಡಚಿದರು. ಆ ಹುಡುಗನನ್ನು "ಬಿಡಪ್ಪ, ನಾನು ನೋಡಿಕೊಳ್ಳುತ್ತೇನೆ" ಅಂತ ಕಳಿಸಿ, ತಾವೇ ಒಂದೊಂದು ಕಂಬಿಯನ್ನು ಕಾಲು ಸುತ್ತು, ಕಾಲು ಸುತ್ತು ತಿರುಗಿಸಿದರು. ಅನಾನಸ್ಸಿನ ಅಂಚು ಕಪ್ಪಾಗಿ, ರಸ ಕೆಂಡದ ಮೇಲೆ ಬಿದ್ದು ಚೊಯ್ ಅಂದಾಗ ಎತ್ತಿ ಮೊದಲನೇ ತುಂಡನ್ನು ಅಮ್ಮನ ತಟ್ಟೆಗೆ ಹಾಕಿದರು.

ಅಮ್ಮ ಒಂದು ಕ್ಷಣ ಹಾಗೇ ನೋಡಿದರು. ಭಾನುವಾರದ ಊಟದಲ್ಲಿ ಅಮ್ಮ ಮೊದಲು ತಿಂದಿದ್ದನ್ನು ನಾನು ಅದೇ ಮೊದಲು ನೋಡಿದ್ದು. ನಮ್ಮಮ್ಮ ಇರಲಿ, ದೊಡ್ಡಮ್ಮ ಇರಲಿ, ಚಿಕ್ಕಮ್ಮ ನೀವಿರಲಿ, ಭಾನುವಾರ ಅಂದರೆ ಬೆಳಿಗ್ಗೆಯಿಂದ ಒಲೆ ಮುಂದೆ. ಮಸಾಲೆ ರುಬ್ಬಿ, ಮುದ್ದೆ ತಿರುವಿ, ಎಲ್ಲರಿಗೂ ಬಡಿಸಿ, ಕೊನೆಗೆ ತಳದಲ್ಲಿ ಉಳಿದ ಸಾರಲ್ಲಿ ಊಟ. ದೊಡ್ಡಪ್ಪನ 70 ಅಂತ ಮನೆಯಲ್ಲೇ ಮಾಡಿದರೆ ಯಾರ ಬೆನ್ನು ಮುರಿಯುತ್ತದೆ ಹೇಳಿ? ದೊಡ್ಡಮ್ಮನದೇ ಅಲ್ವಾ? ನಾನು ಹೊರಗೆ ಹೋಗೋಣ ಅನ್ನುವುದು ಅದಕ್ಕೇ.

ಅಪ್ಪ ಅವತ್ತು ಕಂಬಿ ತಿರುಗಿಸುತ್ತಾ ಮಾಗಡಿ ಕಡೆಯ ಹೊಲದ ಕತೆ ಶುರು ಮಾಡಿದರು. ದೊಡ್ಡಪ್ಪ, ಅಪ್ಪ ಇಬ್ಬರೂ ರಾತ್ರಿ ಕಾವಲಿಗೆ ಹೋದಾಗ ಕೆಂಡದಲ್ಲಿ ಗೆಣಸು ಹೂತಿಟ್ಟು, ಬೂದಿ ಊದಿ, ಕೈಯಿಂದ ಕೈಗೆ ಎಸೆದಾಡಿಕೊಂಡು ತಿನ್ನುತ್ತಿದ್ದರಂತೆ. ನನ್ನ ಮಗ ಬಾಯಿ ಬಿಟ್ಟುಕೊಂಡು ಕೇಳುತ್ತಿದ್ದ. ಆ ಕತೆ ನಮ್ಮ ಮನೆಯ ಸೋಫಾ ಮೇಲೆ ಎಂದೂ ಬಂದಿರಲಿಲ್ಲ. ಬೆಂಕಿ ಮುಂದೆ ಬಂತು.

ಒಂದು ನಿಮಿಷ, ಕುಕ್ಕರ್ ಆರಿಸಿ ಬಂದೆ.

ಚಿಕ್ಕಮ್ಮ, ಈಗ ನಿಮ್ಮ ಮಾತಿಗೆ ಬರುತ್ತೇನೆ. ನಾವು ಚಿಕ್ಕವರಿದ್ದಾಗ ವಿಜಯನಗರದಲ್ಲಿ ಬಾರ್ ಅಂಡ್ ರೆಸ್ಟೋರೆಂಟ್ ಬೋರ್ಡ್ ಕೆಳಗೆ "ಮೇಲೆ ಫ್ಯಾಮಿಲಿ ರೂಮ್ ಇದೆ" ಅಂತ ಬರೆದಿರುತ್ತಿದ್ದರು, ನೆನಪಿದೆಯಾ? ಪಕ್ಕದ ಸಂದಿಯಿಂದ ಮೆಟ್ಟಿಲು ಹತ್ತಿ ಹೋಗುತ್ತಿದ್ದೆವು. ನೀವು, ಅಮ್ಮ ಇಬ್ಬರೂ ಕೆಳಗಿನ ಬಾಗಿಲ ಕಡೆ ನೋಡದೆ ಸೆರಗು ಹೊದ್ದು ಬೇಗ ಬೇಗ ಹತ್ತುತ್ತಿದ್ದಿರಿ. ಮೇಲೆ ಹೋದರೆ ಪ್ರತಿ ಟೇಬಲ್ಲಿಗೂ ಪರದೆ. ನಮಗೆ ಗೋಬಿ ಮಂಚೂರಿ ಬಂದರೆ ಸಾಕಿತ್ತು. ನಿಮಗೆ ಊಟ ಮುಗಿಸಿ ಇಳಿದುಹೋದರೆ ಸಾಕು ಅನ್ನಿಸುತ್ತಿತ್ತು. ಈಗ ಆ ಪರದೆ ಇಲ್ಲ. ಹೆಂಗಸರು, ಮಕ್ಕಳು ಹಾಲ್ ನಡುವೆಯೇ ಬೆಳಕಲ್ಲಿ ಕೂರುತ್ತಾರೆ. ನನಗೆ ಇದು ಎಷ್ಟೋ ಮೇಲು ಅನ್ನಿಸುತ್ತದೆ.

ನಿಮ್ಮ ಮನಸ್ಸಲ್ಲಿ ಪಬ್ ಅಂದರೆ ಆ ಕಾಲದ್ದು ಇರಬೇಕು. ರೆಸ್ಟ್‌ಹೌಸ್ ರಸ್ತೆಯಲ್ಲಿ 1989ರಲ್ಲಿ ಶುರುವಾದ ಪೆಕೋಸ್‌ನಂಥವು. ಇಕ್ಕಟ್ಟಾದ ಮೆಟ್ಟಿಲು, ಮಬ್ಬು ಬೆಳಕು, ರಾಕ್ ಹಾಡು, ಕಾಲೇಜು ಹುಡುಗರು. ಅದು ಅದರ ಮಟ್ಟಿಗೆ ಸರಿ, ಆದರೆ ಮನೆಮಂದಿಗೆಲ್ಲ ಆಗುವಂಥದ್ದಲ್ಲ. 2010ರಲ್ಲಿ ಇಂದಿರಾನಗರದ 100 ಅಡಿ ರಸ್ತೆಯಲ್ಲಿ ಟಾಯ್ಟ್ ಬಂತು. ಬಿಯರನ್ನು ಅಲ್ಲೇ ತಯಾರಿಸಿ ಅಲ್ಲೇ ಕೊಡುವ ಜಾಗ. ಆಮೇಲೆ ಊರ ತುಂಬಾ ಅಂಥವು ಬಂದವು. ಎತ್ತರದ ಸೂರು, ದೊಡ್ಡ ದೊಡ್ಡ ಟ್ಯಾಂಕು, ಊಟಕ್ಕೂ ಬಿಯರಿನಷ್ಟೇ ಮರ್ಯಾದೆ. ವೈಟ್‌ಫೀಲ್ಡ್‌ನ ವಿಂಡ್‌ಮಿಲ್ಸ್‌ನಲ್ಲಂತೂ ಗೋಡೆ ತುಂಬಾ ಪುಸ್ತಕ ಜೋಡಿಸಿದ್ದಾರೆ. ನಮಗೆ ಅಷ್ಟು ದೂರ ಆಗುವುದಿಲ್ಲ, ಮಾತಿಗೆ ಹೇಳಿದೆ. ಸೇಂಟ್ ಮಾರ್ಕ್ಸ್ ರಸ್ತೆಯ ಕೋಶೀಸ್ ಹೋಟೆಲ್ ನೋಡಿ. ಎಷ್ಟೋ ದಶಕಗಳಿಂದ ಇದೆ. ಒಂದು ಟೇಬಲ್ಲಲ್ಲಿ ಅಜ್ಜ ಕಾಫಿ ಕುಡಿಯುತ್ತಿದ್ದರೆ ಪಕ್ಕದ ಟೇಬಲ್ಲಲ್ಲಿ ಬಿಯರ್. ಯಾರಿಗೂ ಯಾರೂ ಅಡ್ಡಿಯಿಲ್ಲ. ನಮ್ಮ ಊರಿಗೆ ಇದು ಹೊಸದೇನಲ್ಲ ಚಿಕ್ಕಮ್ಮ. ಕುಡಿಯುವವರು ಕುಡಿಯಲಿ, ನಮಗೆ ಊಟ.

ಪುಟ್ಟಿ, ಈಗ ನಿನ್ನ ಕೆಲಸ. ಆ್ಯಪ್‌ನಲ್ಲಿ ಬುಕ್ ಮಾಡಿ ಬಿಡಬೇಡ, ಫೋನ್ ಮಾಡು. ಮೂರು ಮಕ್ಕಳಿದ್ದಾರೆ, ವಯಸ್ಸು ಇಷ್ಟು ಅಂತ ಹೇಳಿ, ಯಾವ ಹೊತ್ತಿನ ತನಕ ಬಿಡುತ್ತೀರಿ ಅಂತ ಕೇಳಿ, ಅದನ್ನು ಮೆಸೇಜಲ್ಲಿ ಬರೆಸಿಕೊ. ಬಾಯಿಮಾತು ಬೇಡ. ಲಿಫ್ಟ್ ಟೇಬಲ್ ಇರುವ ಮಹಡಿಯ ತನಕ ಬರುತ್ತದಾ, ಶೌಚಾಲಯ ಅದೇ ಮಹಡಿಯಲ್ಲಿದೆಯಾ ಕೇಳು. ಎತ್ತರದ ಸ್ಟೂಲ್ ಕೊಡುತ್ತಾರೆ, ಬೇಡ ಅನ್ನು, ಬೆನ್ನಿರುವ ಕುರ್ಚಿ ಬೇಕು. ಸಿಗರೇಟ್ ಸೇದುವ ಜಾಗ ಎಲ್ಲಿದೆ ಅಂತಲೂ ಕೇಳು. ಎಷ್ಟೋ ಕಡೆ ಗಾಳಿ ಬರುವ ಒಳ್ಳೆ ಬಾಲ್ಕನಿಯನ್ನೇ ಅದಕ್ಕೆ ಬಿಟ್ಟಿರುತ್ತಾರೆ.

ಎಲ್ಲಕ್ಕಿಂತ ಮುಖ್ಯ, ಅತ್ತೆಗೆ ಬೇರೆ ಒಲೆ. ಒಂದೇ ಒಲೆಯ ಒಂದು ಬದಿ ಅಲ್ಲ, ಬೇರೆಯೇ ಒಲೆ, ಬೇರೆ ಬ್ರಷ್, ಬೇರೆ ಇಕ್ಕಳ. ಮೊದಲೇ ಹೇಳಿದರೆ ಮಾಡಿಕೊಡುತ್ತಾರೆ. ಕೋರಮಂಗಲದಲ್ಲಿ ಮಾಡಿಕೊಟ್ಟರು. ಆ ಬದಿಯಲ್ಲಿ ಅತ್ತೆ, ದೊಡ್ಡಮ್ಮನ ತಂಗಿ, ಇನ್ನು ಯಾರು ತಿನ್ನುವುದಿಲ್ಲವೋ ಅವರು ಕೂರಲಿ. ಮಕ್ಕಳನ್ನು ಕೆಂಡದ ಪಕ್ಕ ಕೂರಿಸಬೇಡ, ಕಂಬಿ ತುದಿ ಕಾದಿರುತ್ತದೆ. ಸೀರೆ ಉಟ್ಟವರು ಸೆರಗು ಸೊಂಟಕ್ಕೆ ಸಿಕ್ಕಿಸಿಕೊಳ್ಳಿ. ಟೇಬಲ್ ಮೇಲೆ ಒಂದು ಪುಟ್ಟ ಬಾವುಟ ಇಟ್ಟಿರುತ್ತಾರೆ. ಅದು ನಿಂತಿರುವ ತನಕ ತಂದು ಬಡಿಸುತ್ತಲೇ ಇರುತ್ತಾರೆ. ಸಾಕಾದಾಗ ಮಲಗಿಸಿದರೆ ಆಯಿತು. ಮೊದಲ ಹತ್ತು ನಿಮಿಷಕ್ಕೇ ಆಲೂಗಡ್ಡೆ ತಿಂದು ಹೊಟ್ಟೆ ತುಂಬಿಸಿಕೊಳ್ಳಬೇಡಿ ಅಂತ ಮಕ್ಕಳಿಗೆ ಮನೆಯಲ್ಲೇ ಹೇಳಿ. ಬಿರಿಯಾನಿಗೆ ಆಸೆ ಪಡಬೇಡಿ, ನಮ್ಮ ದೊನ್ನೆ ಬಿರಿಯಾನಿ ಮುಂದೆ ಅದು ಸಪ್ಪೆ. ಮೀನು, ಸೀಗಡಿ ಚೆನ್ನಾಗಿರುತ್ತದೆ. ಕೊನೆಗೆ ಕುಲ್ಫಿ. ದೊಡ್ಡಪ್ಪ ಮೊಸರನ್ನ ಕೇಳೇ ಕೇಳುತ್ತಾರೆ, ಇದೆಯಾ ಅಂತ ಫೋನಲ್ಲೇ ಕೇಳಿಕೊ.

ಬಿಲ್ಲಿನ ವಿಷಯಕ್ಕೆ ಬಂದರೆ, ಊಟಕ್ಕೆ ಸಾಮಾನ್ಯವಾಗಿ 5% ಜಿಎಸ್‌ಟಿ ಇರುತ್ತದೆ, ಮದ್ಯ ಜಿಎಸ್‌ಟಿಯಲ್ಲಿ ಬರುವುದಿಲ್ಲ, ಅದನ್ನು ಬೇರೆ ತೋರಿಸುತ್ತಾರೆ. ದೊಡ್ಡ ಗುಂಪು ಅಂತ ಸರ್ವಿಸ್ ಚಾರ್ಜ್ ಸೇರಿಸಿದ್ದರೆ ತೆಗೆಯಲು ಹೇಳಬಹುದು. ಅದನ್ನು ತಾನಾಗೇ ಬಿಲ್ಲಿಗೆ ಹಾಕಬಾರದು ಅಂತ ಗ್ರಾಹಕ ರಕ್ಷಣಾ ಪ್ರಾಧಿಕಾರ 2022ರ ಜುಲೈಯಲ್ಲೇ ಹೇಳಿದೆ, ದೆಹಲಿ ಹೈಕೋರ್ಟ್ 2025ರ ಮಾರ್ಚ್‌ನಲ್ಲಿ ಅದನ್ನು ಎತ್ತಿಹಿಡಿದಿದೆ. ಜಗಳ ಮಾಡಿದರೆ ಗ್ರಾಹಕ ಸಹಾಯವಾಣಿ 1915. ಆದರೆ ಒಂದು ಮಾತು, ಕೆಂಡ ಹೊತ್ತು ತರುವ ಹುಡುಗರ ಕೈಗೆ ನಾವೇ ಒಳ್ಳೆಯ ದುಡ್ಡು ಕೊಡೋಣ. ಭಾನುವಾರ ಅವರ ಮನೆಯಲ್ಲೂ ಬಾಡೂಟ ಇರುತ್ತದೆ, ಅದನ್ನು ಬಿಟ್ಟು ಬಂದಿರುತ್ತಾರೆ.

ಭಾವ, ಚಿಕ್ಕಪ್ಪ ಇಬ್ಬರೂ ಒಂದೊಂದು ಮಗ್ ತಗೊಳ್ಳುತ್ತಾರೆ ಅಂತ ಗೊತ್ತು, ತಗೊಳ್ಳಲಿ. ಆದರೆ ಯಾರೂ ಕಾರು ತರುವುದು ಬೇಡ. ಕುಡಿದು ಓಡಿಸಿ ಸಿಕ್ಕಿಬಿದ್ದರೆ ಮೊದಲ ಸಲಕ್ಕೇ 10,000 ರೂಪಾಯಿ ದಂಡ, 6 ತಿಂಗಳ ತನಕ ಜೈಲು ಕೂಡ ಆಗಬಹುದು. ದಂಡಕ್ಕಿಂತ ಹೆಚ್ಚಾಗಿ, ಹಿಂದಿನ ಸೀಟಲ್ಲಿ ಮಕ್ಕಳಿರುತ್ತಾರೆ. ವಿಜಯನಗರದಲ್ಲಿ ನೇರಳೆ ಮೆಟ್ರೋ ಹತ್ತಿದರೆ ಎಲ್ಲೂ ಬದಲಾಯಿಸದೆ ಇಂದಿರಾನಗರದಲ್ಲಿ ಇಳಿಯಬಹುದು. ನಿಲ್ದಾಣದಲ್ಲಿ ಲಿಫ್ಟ್ ಇದೆ. ಅಲ್ಲಿಂದ ಎಲ್ಲರೂ ಆಟೋ ಹಿಡಿಯೋಣ. ಹನ್ನೊಂದೂವರೆಗೆ ವಿಜಯನಗರ ಸ್ಟೇಷನ್ ಟಿಕೆಟ್ ಕೌಂಟರ್ ಹತ್ತಿರ ಸೇರೋಣ.

ಪುಟ್ಟಿ, ಇನ್ನೊಂದು. ಫೋನ್ ಮಾಡಿದಾಗ ಗ್ರಿಲ್‌ಗೆ ಗೆಣಸು ಇದೆಯಾ ಅಂತ ಕೇಳು. ಇಲ್ಲ ಅಂದರೆ, ನಾವು ನಾಲ್ಕು ಗೆಣಸು ತಂದರೆ ಕೆಂಡದಲ್ಲಿ ಸುಟ್ಟುಕೊಡುತ್ತೀರಾ ಅಂತ ಕೇಳು. ಹುಟ್ಟುಹಬ್ಬ ಅಂತ ಹೇಳು, ಒಪ್ಪುತ್ತಾರೆ. ದೊಡ್ಡಪ್ಪ, ಅಪ್ಪ ಇಬ್ಬರನ್ನೂ ಆ ಒಲೆ ಮುಂದೆ ಅಕ್ಕಪಕ್ಕ ಕೂರಿಸೋಣ. ದೊಡ್ಡಪ್ಪ ಈ ಗುಂಪಿನಲ್ಲಿ ಇಲ್ಲ, ಯಾರೂ ಬಾಯಿ ಬಿಡಬೇಡಿ. ಗೆಣಸು ನಾನು ಶನಿವಾರ ಸಂಜೆಯೇ ತಂದು ತೊಳೆದಿಟ್ಟಿರುತ್ತೇನೆ.