ಮೋಸದ ಜಾಹೀರಾತಿಗೆ ಹಣ ಪಡೆದ ಕಂಪನಿಗೆ ಹೊಣೆಯೇ ಇಲ್ಲವೇ?

ಪ್ರಶ್ನೆ: ನಿವೃತ್ತ ಶಿಕ್ಷಕ, ಕುವೆಂಪುನಗರ, ಮೈಸೂರು

ಸರಸ್ವತಿಪುರಂನಲ್ಲಿರುವ ನನ್ನ ತಂಗಿ, ಮಗಳ ಸೀಮಂತಕ್ಕೆ ಸೀರೆ ಕೊಳ್ಳುವ ಯೋಚನೆಯಲ್ಲಿದ್ದಾಗ, ತಾನು ದಿನವೂ ನೋಡುವ ಸಾಮಾಜಿಕ ಜಾಲತಾಣವೊಂದರಲ್ಲಿ 'ಮೈಸೂರು ರೇಷ್ಮೆ ದಾಸ್ತಾನು ಮಾರಾಟ' ಎಂಬ ಜಾಹೀರಾತನ್ನು ಕಂಡಳು. ಮಗ್ಗದ ಚಿತ್ರ, ಜರಿ ಅಂಚಿನ ಸೀರೆಗಳು, ಹಿಂದೆ ಅರಮನೆ ಎಲ್ಲವೂ ಅದರಲ್ಲಿದ್ದವು. ಸೀರೆಗೆ 1,899 ರೂಪಾಯಿ ಎಂದಿತ್ತು. ಕೆಳಗೆ ಕೆಂಪು ಅಕ್ಷರಗಳಲ್ಲಿ 'ಇನ್ನು 2 ಗಂಟೆ 14 ನಿಮಿಷ ಮಾತ್ರ' ಎಂದು ಗಡಿಯಾರ ಓಡುತ್ತಿತ್ತು. ಎರಡು ಸೀರೆಗೆ 3,798 ರೂಪಾಯಿಗಳನ್ನು ಯುಪಿಐ ಮೂಲಕ ಕಳುಹಿಸಿದಳು. ಒಂಬತ್ತು ದಿನಗಳ ಮೇಲೆ ಬಂದ ಪೊಟ್ಟಣದಲ್ಲಿ ಇದ್ದದ್ದು ಒಂದೇ ಸೀರೆ. ಅದೂ ಪಾಲಿಯೆಸ್ಟರ್, ಅಂಚನ್ನು ಉಗುರಿನಿಂದ ಕೆರೆದರೆ ಚಿನ್ನದ ಬಣ್ಣ ಪುಡಿಪುಡಿಯಾಗಿ ಉದುರುತ್ತಿತ್ತು. ಅಂಗಡಿಯ ದೂರವಾಣಿ ಸಂಖ್ಯೆ ಅಷ್ಟರಲ್ಲಿ ನಿಂತುಹೋಗಿತ್ತು.

ಆ ಬೆಲೆಗೆ ಅಪ್ಪಟ ರೇಷ್ಮೆ ಎಲ್ಲಿ ಬರುತ್ತದೆ ಎಂದು ಮನೆಯಲ್ಲಿ ಎಲ್ಲರೂ ಅವಳನ್ನೇ ಬೈದರು. ನಾನು ಬೈಯಲಿಲ್ಲ. ಏಕೆಂದರೆ ಆ ಜಾಹೀರಾತನ್ನು ಅವಳು ಹುಡುಕಿಕೊಂಡು ಹೋದದ್ದಲ್ಲ. ಸೀಮಂತ, ಸೀರೆ ಎಂದು ಅವಳು ಎರಡು ದಿನ ನೋಡುತ್ತಿದ್ದುದನ್ನು ಗಮನಿಸಿ, ಹಣ ಪಡೆದು, ಅವಳ ಕಣ್ಣೆದುರಿಗೇ ತಂದು ಇಟ್ಟವರು ಬೇರೆ. ಆ ಜಾಲತಾಣಕ್ಕೆ ನಾನೇ ದೂರು ಸಲ್ಲಿಸಿದೆ. ಮರುದಿನ ಬೆಳಿಗ್ಗೆ 'ಈ ಜಾಹೀರಾತು ನಮ್ಮ ನಿಯಮಗಳನ್ನು ಉಲ್ಲಂಘಿಸಿಲ್ಲ' ಎಂಬ ಒಂದೇ ಸಾಲಿನ ಉತ್ತರ ಬಂತು. ಅದೇ ವಾರ, ಅದೇ ಚಿತ್ರಗಳೊಂದಿಗೆ, ಬೇರೊಂದು ಅಂಗಡಿಯ ಹೆಸರಿನಲ್ಲಿ ಆ ಜಾಹೀರಾತು ನನ್ನ ಫೋನಿನಲ್ಲೂ ಕಾಣಿಸಿಕೊಂಡಿತು. ಗಡಿಯಾರ ಆಗಲೂ 2 ಗಂಟೆ 14 ನಿಮಿಷದಿಂದಲೇ ಓಡಲು ಆರಂಭಿಸಿತ್ತು.

ಮೋಸಗಾರನನ್ನು ಪೊಲೀಸರು ಹುಡುಕಲಿ. ನನ್ನ ಪ್ರಶ್ನೆ, ಅವನಿಂದ ಜಾಹೀರಾತಿನ ಹಣ ಪಡೆದ ದೊಡ್ಡ ಕಂಪನಿಯ ಕುರಿತದ್ದು. ಅವನು ಯಾರೆಂದು ವಿಚಾರಿಸುವ ಹೊಣೆ ಅದಕ್ಕೆ ಇಲ್ಲವೇ? ಇಲ್ಲವೆಂದಾದರೆ, ಇರಬೇಕೆಂದು ಗ್ರಾಹಕರಾದ ನಾವು ಕೇಳಬಾರದೇ?

ಉತ್ತರ: ನಿವೃತ್ತ ಬ್ಯಾಂಕ್ ಅಧಿಕಾರಿ, ಮಂಡ್ಯ

ಮೇಷ್ಟ್ರೇ, ಮೊದಲು ಆಗಬೇಕಾದ ಕೆಲಸ: ಸೈಬರ್ ಅಪರಾಧ ಸಹಾಯವಾಣಿ 1930ಕ್ಕೆ ಇನ್ನೂ ಕರೆ ಮಾಡಿಲ್ಲದಿದ್ದರೆ ಇಂದೇ ಮಾಡಿಸಿ, ಯುಪಿಐ ವಹಿವಾಟಿನ ಸಂಖ್ಯೆಯನ್ನು ಬರೆಸಿ. ಬ್ಯಾಂಕಿಗೂ ಲಿಖಿತ ದೂರು ಕೊಡಿ. ಆದರೆ ಬ್ಯಾಂಕಿನಿಂದ ಹೆಚ್ಚು ನಿರೀಕ್ಷಿಸಬೇಡಿ. ಗ್ರಾಹಕರಿಗೆ ತಿಳಿಯದಂತೆ, ಬ್ಯಾಂಕಿನದೂ ಗ್ರಾಹಕರದೂ ತಪ್ಪಿಲ್ಲದೆ ಖಾತೆಯಿಂದ ಹಣ ಹೋಗಿ, ಅದನ್ನು ಮೂರು ಕೆಲಸದ ದಿನಗಳೊಳಗೆ ತಿಳಿಸಿದರೆ ನಷ್ಟವೆಲ್ಲ ಬ್ಯಾಂಕಿನದೇ ಎಂದು ರಿಸರ್ವ್ ಬ್ಯಾಂಕ್ 2017ರ ಜುಲೈನಲ್ಲಿ ಸುತ್ತೋಲೆ ಹೊರಡಿಸಿತು. ನಿಮ್ಮ ತಂಗಿಯವರು ತಾವೇ ಪಿನ್ ಒತ್ತಿ ಕಳುಹಿಸಿರುವುದರಿಂದ ಆ ರಕ್ಷಣೆ ಅವರಿಗೆ ಸಿಗುವುದು ಕಷ್ಟ.

ಆ ಸುತ್ತೋಲೆ ಬಂದಾಗ ನಾನು ಶಾಖೆಯಲ್ಲಿದ್ದೆ. ಅಲ್ಲಿಯವರೆಗೆ ಹಣ ಕಳೆದುಕೊಂಡು ಬಂದವರಿಗೆ 'ನೀವೇ ಎಚ್ಚರವಾಗಿರಬೇಕಿತ್ತು' ಎಂದು ಹೇಳಿ ಕಳುಹಿಸುತ್ತಿದ್ದ ನಾವು, ನಷ್ಟ ನಮ್ಮ ತಲೆಯ ಮೇಲೆ ಬರುತ್ತದೆ ಎಂದಾದ ಮೇಲೆ ದೂರಿನ ದಿನಾಂಕ, ಗಂಟೆ ಎಲ್ಲವನ್ನೂ ಬರೆದುಕೊಳ್ಳಲು ಕಲಿತೆವು. ನಮ್ಮ ಮನಸ್ಸು ಇದ್ದಕ್ಕಿದ್ದಂತೆ ಒಳ್ಳೆಯದಾಗಲಿಲ್ಲ. ನಿಯಮ ಬಂತು, ನಡತೆ ಬದಲಾಯಿತು. ಬ್ರಿಟನ್ ಇನ್ನೊಂದು ಹೆಜ್ಜೆ ಮುಂದೆ ಹೋಗಿ, ಗ್ರಾಹಕರು ಮೋಸಹೋಗಿ ತಾವೇ ಕಳುಹಿಸಿದ ಹಣವನ್ನೂ ಮರಳಿಸಬೇಕೆಂದು 2024ರ ಅಕ್ಟೋಬರ್ 7ರಿಂದ ಕಡ್ಡಾಯ ಮಾಡಿತು. ಆ ನಷ್ಟವನ್ನು ಹಣ ಕಳುಹಿಸಿದ ಬ್ಯಾಂಕು ಮತ್ತು ಪಡೆದ ಬ್ಯಾಂಕು ಅರ್ಧರ್ಧ ಹೊರಬೇಕು. ಮೋಸದ ಜಾಹೀರಾತು ತೋರಿಸಿದ ಜಾಲತಾಣಕ್ಕೆ ಅಲ್ಲಿಯೂ ಆ ನಷ್ಟದಲ್ಲಿ ಪಾಲು ಹಾಕಿಲ್ಲ. ಬ್ಯಾಂಕಿನಲ್ಲಿ ದುಡಿದವನೆಂಬ ಕಾರಣಕ್ಕೆ ಹೇಳುತ್ತಿಲ್ಲ, ಅದು ನ್ಯಾಯವಲ್ಲ.

ಉತ್ತರ: ವಕೀಲೆ, ಮೈಸೂರು

ಪ್ರಶ್ನೆಯ ತಿರುಳು ಮಾಹಿತಿ ತಂತ್ರಜ್ಞಾನ ಕಾಯ್ದೆಯ 79ನೇ ಕಲಮಿನಲ್ಲಿದೆ. ಇತರರು ಹಾಕಿದ ವಿಷಯಕ್ಕೆ ಮಧ್ಯವರ್ತಿ, ಅಂದರೆ ಅದನ್ನು ಜನರಿಗೆ ತಲುಪಿಸುವ ಜಾಲತಾಣದಂಥ ಸಂಸ್ಥೆ, ಹೊಣೆಯಲ್ಲ ಎಂದು ಅದು ಹೇಳುತ್ತದೆ. ಆದರೆ ಮಧ್ಯವರ್ತಿಯು ತಕ್ಕ ಎಚ್ಚರ ವಹಿಸಿರಬೇಕು, ಆ ವಿಷಯ ಯಾರಿಗೆ ತಲುಪಬೇಕೆಂದು ತಾನೇ ಆರಿಸಿರಬಾರದು ಎಂಬ ಷರತ್ತುಗಳೂ ಅದರಲ್ಲಿವೆ. ಮೇಷ್ಟ್ರು ಹೇಳಿದ 'ಕಣ್ಣೆದುರಿಗೇ ತಂದು ಇಟ್ಟವರು' ಎಂಬ ಮಾತಿಗೆ ಕಾನೂನಿನ ಬಲ ಸಿಗುವುದು ಇಲ್ಲಿಯೇ. ಗೆಳೆಯರು ಬರೆದದ್ದನ್ನು ಸುಮ್ಮನೆ ತೋರಿಸುವುದು ಬೇರೆ, ಹಣ ಪಡೆದು, ಯಾವ ಊರಿನ ಯಾವ ವಯಸ್ಸಿನ ಹೆಣ್ಣುಮಕ್ಕಳಿಗೆ ತೋರಿಸಬೇಕೆಂದು ಲೆಕ್ಕ ಹಾಕಿ ತೋರಿಸುವುದು ಬೇರೆ. ಟ್ರೇಡ್‌ಮಾರ್ಕ್ ವ್ಯಾಜ್ಯವೊಂದರಲ್ಲಿ ದೆಹಲಿ ಹೈಕೋರ್ಟ್ 2023ರ ಆಗಸ್ಟ್‌ನಲ್ಲಿ, ಗೂಗಲ್ ತನ್ನ ಜಾಹೀರಾತು ವ್ಯವಸ್ಥೆಯಲ್ಲಿ ಸಕ್ರಿಯ ಪಾಲುದಾರ ಎಂದೂ, ಉಲ್ಲಂಘನೆ ಸಾಬೀತಾದರೆ 79ನೇ ಕಲಮಿನ ಆಸರೆ ಅದಕ್ಕೆ ಸಿಗದೆಂದೂ ಹೇಳಿತು. ಅದು ಬೇರೆ ಬಗೆಯ ಪ್ರಕರಣ, ಆದರೂ ದಾರಿ ತೋರಿಸುತ್ತದೆ.

ಗ್ರಾಹಕ ಸಂರಕ್ಷಣಾ ಕಾಯ್ದೆ, 2019 ಅಂತರ್ಜಾಲದ ಜಾಹೀರಾತನ್ನೂ ಜಾಹೀರಾತೆಂದೇ ಎಣಿಸುತ್ತದೆ. ದಾರಿತಪ್ಪಿಸುವ ಜಾಹೀರಾತನ್ನು ಪ್ರಕಟಿಸಿದವರಿಗೆ 10 ಲಕ್ಷ ರೂಪಾಯಿವರೆಗೆ ದಂಡ ವಿಧಿಸಬಹುದು. ಆದರೆ ವ್ಯಾಪಾರದ ದೈನಂದಿನ ಕ್ರಮದಲ್ಲಿ ಪ್ರಕಟಿಸಿದೆವು ಎಂದು ತೋರಿಸಿಕೊಟ್ಟರೆ ಪಾರಾಗಲು ಅವಕಾಶವಿದೆ. ನನ್ನ ದೃಷ್ಟಿಯಲ್ಲಿ, ತಿದ್ದಬೇಕಾದದ್ದು ಈ ಕಿಂಡಿಯನ್ನು. ಪತ್ರಿಕೆಯವರಿಗೆಂದು ಬಿಟ್ಟ ಈ ದಾರಿಯಲ್ಲಿ, ಯಂತ್ರದಿಂದ ಲೆಕ್ಕವಿಲ್ಲದಷ್ಟು ಜಾಹೀರಾತು ಹಾಕುವ ಕಂಪನಿಗಳು ನುಸುಳಲು ಬಿಡಬಾರದು. ಸುಳ್ಳು ಗಡಿಯಾರದ ವಿಷಯಕ್ಕೆ ಪ್ರತ್ಯೇಕ ನಿಯಮವೇ ಇದೆ: ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರವು 2023ರ ನವೆಂಬರ್ 30ರಂದು ಹೊರಡಿಸಿದ ಮಾರ್ಗಸೂಚಿಯಲ್ಲಿ ಪಟ್ಟಿ ಮಾಡಿದ 13 ಬಗೆಯ ಮೋಸದ ವಿನ್ಯಾಸಗಳಲ್ಲಿ ಸುಳ್ಳು ಅವಸರ ಹುಟ್ಟಿಸುವುದೂ ಒಂದು.

ಇನ್ನು ದೂರಿನ ದಾರಿ. 2021ರ ಐಟಿ ನಿಯಮಗಳ ಪ್ರಕಾರ ಜಾಲತಾಣದ ಕುಂದುಕೊರತೆ ಅಧಿಕಾರಿಯು ದೂರನ್ನು 24 ಗಂಟೆಯೊಳಗೆ ಸ್ವೀಕರಿಸಿ, 7 ದಿನಗಳೊಳಗೆ ತೀರ್ಮಾನಿಸಬೇಕು. ಆ ತೀರ್ಮಾನ ಒಪ್ಪಿಗೆಯಾಗದಿದ್ದರೆ 30 ದಿನಗಳೊಳಗೆ ಕೇಂದ್ರದ ಕುಂದುಕೊರತೆ ಮೇಲ್ಮನವಿ ಸಮಿತಿಗೆ ಹೋಗಬಹುದು. ಆ್ಯಪಿನಲ್ಲಿ ಗುಂಡಿ ಒತ್ತಿ ಕೊಡುವ ದೂರು ಮಾತ್ರ ಸಾಲದು. ಅಧಿಕಾರಿಯ ವಿಳಾಸಕ್ಕೇ ಬರೆಯಿರಿ. ಮೈಸೂರಿನ ಜಿಲ್ಲಾ ಗ್ರಾಹಕ ಆಯೋಗದಲ್ಲೂ ದೂರು ದಾಖಲಿಸಬಹುದು. ಕಂಪನಿಯ ಕಚೇರಿ ಎಲ್ಲಿದ್ದರೂ ದೂರುದಾರರು ವಾಸಿಸುವ ಊರಿನಲ್ಲಿ ಹೂಡಲು ಅವಕಾಶವಿದೆ, 5 ಲಕ್ಷ ರೂಪಾಯಿವರೆಗಿನ ವ್ಯವಹಾರಕ್ಕೆ ಶುಲ್ಕವಿಲ್ಲ, ಎರಡು ವರ್ಷಗಳ ಕಾಲಮಿತಿ ಇದೆ.

ಉತ್ತರ: ಬೆಲ್ಲದ ವ್ಯಾಪಾರಿ, ಮಂಡ್ಯ

ಎಲ್ಲರಿಗೂ ನಮಸ್ಕಾರ. ನಾನು ಬೇರೆ ಕಡೆಯಿಂದ ನೋಡಿದವನು. ನಮ್ಮ ಆಲೆಮನೆಯ ಅಚ್ಚುಬೆಲ್ಲ, ಪುಡಿಬೆಲ್ಲಗಳನ್ನು ನಾಲ್ಕು ವರ್ಷಗಳಿಂದ ಇಂಥದೇ ಜಾಹೀರಾತುಗಳ ಮೂಲಕ ಬೆಂಗಳೂರಿಗೂ ಹೊರರಾಜ್ಯಗಳಿಗೂ ಮಾರುತ್ತಿದ್ದೇನೆ. ಒಂದು ವರ್ಷ ಸಂಕ್ರಾಂತಿಗೆ ಎಂಟು ದಿನ ಇರುವಾಗ, ಅಂದರೆ ಎಳ್ಳುಬೆಲ್ಲಕ್ಕೆ ವರ್ಷದಲ್ಲೇ ಹೆಚ್ಚು ಬೇಡಿಕೆ ಇರುವ ಹೊತ್ತಿನಲ್ಲಿ, 'ಅನುಮಾನಾಸ್ಪದ ಚಟುವಟಿಕೆ' ಎಂದು ನನ್ನ ಜಾಹೀರಾತು ಖಾತೆಯನ್ನು ನಿಲ್ಲಿಸಿಬಿಟ್ಟರು. ಏನು ಅನುಮಾನ ಎಂದು ಹೇಳಲಿಲ್ಲ. ಆಧಾರ್, ಜಿಎಸ್‌ಟಿ ನೋಂದಣಿ, ಆಹಾರ ಪರವಾನಗಿ ಎಲ್ಲವನ್ನೂ ಕಳುಹಿಸಿದೆ. ಇಪ್ಪತ್ತಮೂರನೆಯ ದಿನ ಕಾರಣ ತಿಳಿಸದೆಯೇ ಖಾತೆ ತೆರೆದರು. ಅಷ್ಟರಲ್ಲಿ ಹಬ್ಬ ಮುಗಿದು, ಕಟ್ಟಿಟ್ಟ ಡಬ್ಬಿಗಳನ್ನು ಸಂತೆಯಲ್ಲಿ ಸಿಕ್ಕ ಬೆಲೆಗೆ ಕೊಡಬೇಕಾಯಿತು.

ಹೊಣೆ ಹೊರಿಸಬೇಕು ಎನ್ನುವುದನ್ನು ನಾನೂ ಒಪ್ಪುತ್ತೇನೆ. ಆದರೆ ದಂಡದ ಭಯ ಹೆಚ್ಚಾದಂತೆ ಕಂಪನಿಗಳು ಮನುಷ್ಯರನ್ನು ನೇಮಿಸುವುದಿಲ್ಲ, ಯಂತ್ರದ ಜರಡಿಯನ್ನು ಇನ್ನಷ್ಟು ಸಣ್ಣದು ಮಾಡುತ್ತವೆ. ಆ ಜರಡಿಯಲ್ಲಿ ಸಿಕ್ಕಿಬೀಳುವವರು ನನ್ನಂಥ ಸಣ್ಣವರು. ಕಳ್ಳ ಇನ್ನೊಂದು ಹೆಸರಿನಲ್ಲಿ ಬರುತ್ತಾನೆ, ನನಗೆ ಇರುವುದು ಒಂದೇ ಹೆಸರು. ಆದ್ದರಿಂದ ಜಾಹೀರಾತು ತೆಗೆದರೂ ತೆಗೆಯದಿದ್ದರೂ ಕಾರಣವನ್ನು ಕನ್ನಡದಲ್ಲಿ ಬರೆದು ತಿಳಿಸಬೇಕು, ಇಷ್ಟು ದಿನದೊಳಗೆ ಒಬ್ಬ ಮನುಷ್ಯ ಮಾತನಾಡಬೇಕು ಎಂಬುದನ್ನೂ ಕಾನೂನಿನಲ್ಲಿ ಸೇರಿಸಿ ಕೇಳೋಣ.

ಉತ್ತರ: ಎಂಜಿನಿಯರಿಂಗ್ ವಿದ್ಯಾರ್ಥಿನಿ, ಮೈಸೂರು

ಲಕ್ಷಾಂತರ ಜಾಹೀರಾತುದಾರರನ್ನು ಪರಿಶೀಲಿಸುವುದು ಆಗದ ಕೆಲಸ ಎಂಬ ವಾದವನ್ನು ಕಾಲೇಜಿನಲ್ಲಿ ಕೇಳಿದ್ದೇನೆ, ನನಗೆ ಒಪ್ಪಿಗೆಯಾಗಿಲ್ಲ. 2019ರ ಲೋಕಸಭಾ ಚುನಾವಣೆಗೆ ಮುನ್ನ ಗೂಗಲ್ ಮತ್ತು ಫೇಸ್‌ಬುಕ್ ಎರಡೂ ನಮ್ಮ ದೇಶದಲ್ಲಿ ರಾಜಕೀಯ ಜಾಹೀರಾತು ಕೊಡುವವರ ಗುರುತನ್ನು ಪರಿಶೀಲಿಸಿ, ಹಣ ಕೊಟ್ಟವರು ಯಾರೆಂದು ಜನರಿಗೆ ತೋರಿಸಲು ಆರಂಭಿಸಿದವು. ಯುರೋಪಿನ ಡಿಜಿಟಲ್ ಸೇವೆಗಳ ಕಾಯ್ದೆಯ ಪ್ರಕಾರ ಅತಿ ದೊಡ್ಡ ಜಾಲತಾಣಗಳು ತಮ್ಮ ಎಲ್ಲ ಜಾಹೀರಾತುಗಳ ಸಾರ್ವಜನಿಕ ದಾಖಲೆ ಇಡಬೇಕು, ತಪ್ಪಿದರೆ ಜಾಗತಿಕ ವಹಿವಾಟಿನ ಶೇ 6ರವರೆಗೆ ದಂಡ. ಮತ ಕೇಳುವವರ ಗುರುತನ್ನು ಕೇಳಬಹುದಾದರೆ ಸೀರೆ ಮಾರುವವರದನ್ನೂ ಕೇಳಬಹುದು.

ಪ್ರಶ್ನೆ ಕೇಳಿದವರಿಂದ: ನಿವೃತ್ತ ಶಿಕ್ಷಕ, ಕುವೆಂಪುನಗರ

ಎಲ್ಲರಿಗೂ ಕೃತಜ್ಞತೆಗಳು. ಬೆಲ್ಲದ ವ್ಯಾಪಾರಿಗಳ ಮಾತು ನನ್ನ ಯೋಚನೆಯನ್ನು ತಿದ್ದಿದೆ. ತೆಗೆದುಹಾಕುವುದಷ್ಟನ್ನೇ ನಾನು ಯೋಚಿಸಿದ್ದೆ, ತಪ್ಪಾಗಿ ತೆಗೆದುಹಾಕಿದರೆ ಏನು ಎಂದು ಯೋಚಿಸಿರಲಿಲ್ಲ. 1930ಕ್ಕೂ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೂ ದೂರು ಕೊಟ್ಟಾಯಿತು. ಜಾಲತಾಣದ ಕುಂದುಕೊರತೆ ಅಧಿಕಾರಿಗೆ ನಿನ್ನೆ ಇಮೇಲ್ ಕಳುಹಿಸಿದ್ದೇನೆ. ಪೊಟ್ಟಣದ ಹೊರಕವಚವನ್ನು ತಂಗಿ ಹರಿದು ಕಸದ ಬುಟ್ಟಿಗೆ ಹಾಕಿದ್ದಳು, ಅದೃಷ್ಟಕ್ಕೆ ವಿಳಾಸದ ಚೀಟಿ ಇರುವ ತುಂಡು ಸಿಕ್ಕಿದೆ. ಆಯೋಗಕ್ಕೆ ಏನೇನು ಒಯ್ಯಬೇಕು, ವಕೀಲರೇ?

ಉತ್ತರ: ವಕೀಲೆ, ಮೈಸೂರು

ಆ ತುಂಡನ್ನು ಜೋಪಾನವಾಗಿಡಿ. ಸೀರೆಯನ್ನು ಒಗೆಯಬೇಡಿ, ಬಂದಂತೆಯೇ ಇರಲಿ. ಯುಪಿಐ ರಸೀದಿ, ಬ್ಯಾಂಕಿನ ಲೆಕ್ಕಪಟ್ಟಿ, ಎರಡೂ ಜಾಹೀರಾತುಗಳ ತೆರೆಚಿತ್ರಗಳು (ಸ್ಕ್ರೀನ್‌ಶಾಟ್), 'ಉಲ್ಲಂಘಿಸಿಲ್ಲ' ಎಂದು ಬಂದ ಉತ್ತರ ಇವನ್ನು ಮುದ್ರಿಸಿ, ತೆರೆಚಿತ್ರಗಳನ್ನು ತೆಗೆದ ಫೋನ್ ಯಾವುದು, ಯಾವ ದಿನ ತೆಗೆದದ್ದು ಎಂಬುದನ್ನು ಒಂದು ಹಾಳೆಯಲ್ಲಿ ಬರೆದಿಡಿ. ಫೋನು, ಕಂಪ್ಯೂಟರಿನ ದಾಖಲೆಗಳನ್ನು ಸಾಕ್ಷ್ಯವಾಗಿ ಕೊಡುವಾಗ ಲಗತ್ತಿಸುವ, ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನ ಪ್ರಮಾಣಪತ್ರಕ್ಕೆ ಅದು ಬೇಕಾಗುತ್ತದೆ. ದೂರಿನಲ್ಲಿ ಅಂಗಡಿಯನ್ನು ಮೊದಲನೆಯ ಎದುರುದಾರರನ್ನಾಗಿ, ಜಾಲತಾಣವನ್ನು ಎರಡನೆಯ ಎದುರುದಾರರನ್ನಾಗಿ ಹೆಸರಿಸಿ. ದೂರುದಾರರಾಗಿ ಸಹಿ ಮಾಡಬೇಕಾದವರು ನಿಮ್ಮ ತಂಗಿಯವರು, ನೀವಲ್ಲ.