ಮಾಮ ಕಳಿಸಿದ ಫಾರ್ವರ್ಡ್, ಬಾರ್ಮೇರ್‌ನ ಎಣ್ಣೆ

ಸುರೇಶ ಮಾಮ: (ಹಲವು ಬಾರಿ ಫಾರ್ವರ್ಡ್ ಆಗಿದೆ) ರಾಜಸ್ಥಾನದ ನೆಲದಡಿ ಎಣ್ಣೆ ತುಂಬಿ ತುಳುಕುತ್ತಿದೆ! ಆದರೂ ಅರಬ್ ದೇಶಗಳಿಗೆ ದುಡ್ಡು ಸುರಿಯುತ್ತಿದ್ದೇವೆ. ಇದು ರಿಫೈನರಿಯವರ ಕಮಿಷನ್ ಆಟ. ಎಲ್ಲರಿಗೂ ಕಳಿಸಿ.

ಗೀತಕ್ಕ: ಹೌದಾ? ನಮ್ಮ ಮಂಗಳೂರಿನ ರಿಫೈನರಿಗೂ ಹೊರಗಿನ ಎಣ್ಣೆಯೇ ಹಡಗಲ್ಲಿ ಬರೋದು ಅಲ್ವಾ?

ನಾನು: ಮಾಮ, ಕಚ್ಚಾ ಎಣ್ಣೆ ಪರೀಕ್ಷೆ ಮಾಡೋದೇ ನನ್ನ ಕೆಲಸ. ಇದನ್ನು ಓದಿ ಬೇಜಾರಾಯಿತು. ರಾಜಸ್ಥಾನದ ಬಾರ್ಮೇರ್‌ನಲ್ಲಿ ಮಂಗಳಾ ಅಂತ ಎಣ್ಣೆ ಕ್ಷೇತ್ರ ಇದೆ, ಅಲ್ಲಿನ ಎಣ್ಣೆಯ ಬಾಟಲಿಯನ್ನು ನಾನೇ ತಲೆಕೆಳಗು ಹಿಡಿದು ನೋಡಿದ್ದೇನೆ. ಒಂದು ಹನಿ ಬೀಳಲಿಲ್ಲ. ಚಳಿಗಾಲದ ತುಪ್ಪದ ಹಾಗೆ ಗಟ್ಟಿ. ಮೇಣ ಅಷ್ಟು ಜಾಸ್ತಿ. ಅದು ಹರಿಯಬೇಕಾದರೆ 40 ಡಿಗ್ರಿಗಿಂತ ಹೆಚ್ಚು ಬಿಸಿ ಬೇಕು. ನಮ್ಮ ಏಪ್ರಿಲ್ ಸೆಕೆಯೂ ಸಾಲದು.

ಸುರೇಶ ಮಾಮ: ಗಟ್ಟಿ ಇದ್ದರೆ ಏನಾಯ್ತು? ಬಿಸಿ ಮಾಡಿ ಲಾರಿಗೆ ತುಂಬಿ. ನಾನು 30 ವರ್ಷ ಲಾರಿ ಓಡಿಸಿದವನು.

ನಾನು: ಲೆಕ್ಕ ಹಾಕಿ ಮಾಮ. ಕೊಲ್ಲಿಯಿಂದ ಬರುವ ಒಂದು ದೊಡ್ಡ ಹಡಗಿನಲ್ಲಿ 20 ಲಕ್ಷ ಬ್ಯಾರೆಲ್. ಬ್ಯಾರೆಲ್ಲಿಗೆ 159 ಲೀಟರ್. 24 ಸಾವಿರ ಲೀಟರ್ ಹಿಡಿಯುವ ಟ್ಯಾಂಕರ್ ಲಾರಿ ಆದರೆ 13 ಸಾವಿರಕ್ಕೂ ಜಾಸ್ತಿ ಬೇಕು. ಒಂದೇ ಹಡಗಿಗೆ ಇಷ್ಟು!

ಬಾರ್ಮೇರ್‌ನಲ್ಲಿ 2009ರಲ್ಲಿ ಎಣ್ಣೆ ತೆಗೆಯಲು ಶುರು ಮಾಡಿದರು. ಅದನ್ನು ಗುಜರಾತ್ ಕರಾವಳಿಗೆ ಸಾಗಿಸಲು ಸುಮಾರು 670 ಕಿ.ಮೀ. ಕೊಳವೆ ಹಾಕಿದ್ದಾರೆ. ಅಷ್ಟುದ್ದಕ್ಕೂ ಅದನ್ನು ಕರೆಂಟ್‌ನಿಂದ ಬಿಸಿಯಾಗಿಯೇ ಇಡುತ್ತಾರೆ. ಮರಳುಗಾಡಿನಲ್ಲಿ ಹಗಲೂ ರಾತ್ರಿ ಆ ಕೊಳವೆಯನ್ನು ನೋಡಿಕೊಳ್ಳುವವರಿದ್ದಾರೆ. ಅವರನ್ನೆಲ್ಲ ಕಮಿಷನ್ ಗಿರಾಕಿಗಳು ಅಂತ ಬರೆದರೆ ನನಗೆ ಸುಮ್ನೆ ಇರಲು ಆಗಲ್ಲ.

ಗೀತಕ್ಕ: ಅಷ್ಟು ದೂರದ ದಾರಿಯಲ್ಲಿ ಕರೆಂಟ್ ಕೈಕೊಟ್ಟರೆ ಎಣ್ಣೆ ಒಳಗೇ ಗಟ್ಟಿಯಾಗಲ್ವಾ?

ನಾನು: ಅದಕ್ಕೇ ಪಕ್ಕದಲ್ಲೇ ಇನ್ನೊಂದು ಸಣ್ಣ ಕೊಳವೆಯಲ್ಲಿ ಗ್ಯಾಸ್ ಕಳಿಸುತ್ತಾರೆ ಗೀತಕ್ಕ. ದಾರಿಯಲ್ಲಿರುವ ಸ್ಟೇಷನ್‌ಗಳು ಅದರಿಂದಲೇ ಕರೆಂಟ್ ಮಾಡಿಕೊಳ್ಳುತ್ತವೆ. ಕೊಳವೆಗೆ ಶಾಖ ಹಿಡಿದಿಡುವ ಹೊದಿಕೆಯೂ ಇದೆ.

ಸುರೇಶ ಮಾಮ: ಸರಿ, ಸಾಗಿಸೋದು ಕಷ್ಟ. ಆದರೆ ನಮ್ಮ ಎಣ್ಣೆಯಲ್ಲಿ ಗಂಧಕ ಕಡಿಮೆ, ಒಳ್ಳೆ ಮಾಲು ಅಂತ ಹೋದ ಸಲ ನೀನೇ ಹೇಳಿದ್ದೆ. ಮತ್ತೆ ಕೊಳಕು ಎಣ್ಣೆ ಯಾಕೆ ತರಿಸಬೇಕು?

ನಾನು: ಹೇಳಿದ್ದೆ, ನಿಜ. ಇರಾಕಿನ ಬಸ್ರಾ ಎಣ್ಣೆಯಲ್ಲಿ ಗಂಧಕ 3% ಆಸುಪಾಸು. ಮುಚ್ಚಳ ತೆಗೆದರೆ ಕೊಳೆತ ಮೊಟ್ಟೆಯ ವಾಸನೆ. ಆದರೆ ಅದು ಸರಾಗ ಹರಿಯುತ್ತದೆ, ಬೆಲೆಯೂ ಕಡಿಮೆ. ಗಂಧಕ ತೆಗೆಯುವ ಘಟಕ ಇರುವ ರಿಫೈನರಿಗೆ ಅದೇ ಲಾಭ. ಮಂಗಳಾದಲ್ಲಿ ಗಂಧಕ ಇಲ್ಲವೆನ್ನುವಷ್ಟು ಕಡಿಮೆ. ಆದರೆ ಪೆಟ್ರೋಲ್ ಆಗುವ ಹಗುರ ಪಾಲು ಕಡಿಮೆ, ತಳದಲ್ಲಿ ಉಳಿಯುವ ಭಾರದ ಪಾಲು ಜಾಸ್ತಿ. ಯಾವ ರಿಫೈನರಿಗೂ ಒಂದೇ ಎಣ್ಣೆ ಒಗ್ಗಲ್ಲ. ಎರಡು ಮೂರು ಬೆರೆಸಿ ಹದ ಮಾಡಬೇಕು, ದೋಸೆಗೆ ಅಕ್ಕಿ ಉದ್ದು ಬೆರೆಸಿದ ಹಾಗೆ.

ಬಾರ್ಮೇರ್ ಹತ್ತಿರ ಪಚಪದ್ರದ ರಿಫೈನರಿಯನ್ನೇ ನೋಡಿ. ವರ್ಷಕ್ಕೆ 90 ಲಕ್ಷ ಟನ್ ಸಾಮರ್ಥ್ಯ. ಅದರಲ್ಲಿ ರಾಜಸ್ಥಾನದ ಎಣ್ಣೆ 15 ಲಕ್ಷ ಟನ್. ಮಿಕ್ಕ 75 ಲಕ್ಷ ಟನ್ ಹೊರಗಿನದು, ಮುಂದ್ರಾ ಬಂದರಿನಿಂದ ಬರಬೇಕು. ಬಾವಿಯ ಬಾಗಿಲಲ್ಲೇ ಇರುವ ರಿಫೈನರಿಯ ಲೆಕ್ಕವೇ ಹೀಗೆ ಮಾಮ.

ಸುರೇಶ ಮಾಮ: ಅಂದರೆ ಎಣ್ಣೆ ಸಾಲದು ಅಂತಲಾ?

ನಾನು: ಅದೇ ದೊಡ್ಡ ಕಾರಣ. ದೇಶದ ಎಲ್ಲ ಬಾವಿ ಸೇರಿದರೂ ವರ್ಷಕ್ಕೆ 3 ಕೋಟಿ ಟನ್ ದಾಟುತ್ತಿಲ್ಲ. ರಿಫೈನರಿಗಳು ಸಂಸ್ಕರಿಸೋದು 25 ಕೋಟಿ ಟನ್‌ಗೂ ಜಾಸ್ತಿ.

ಸುರೇಶ ಮಾಮ: ಫಾರ್ವರ್ಡ್ ಅಳಿಸಿದೆ. ಆದರೆ ಹೊಸ ಬಾವಿ ಕೊರೆಯಬೇಕು ಅನ್ನೋ ಮಾತು ಬಿಡಲ್ಲ.

ನಾನು: ಅದನ್ನು ಬಿಡಬೇಡಿ ಮಾಮ. ಅದರಲ್ಲಿ ನಾನು ನಿಮ್ಮ ಪಕ್ಷ.